ಹಗ್ಗ ಬಿಟ್ಟು ಬಿದಿರು ಹಿಡಿದ ಅಕ್ಬರ್

ಸೆಣಬಿನ ಹಗ್ಗ ಒದ್ದೆಯಾದರೆ ಕುಗ್ಗುತ್ತದೆ, ಒಣಗಿದರೆ ಉದ್ದವಾಗುತ್ತದೆ. 16ನೇ ಶತಮಾನದ ಉತ್ತರ ಭಾರತದಲ್ಲಿ ಹೊಲ ಅಳೆಯುತ್ತಿದ್ದದ್ದು ಇಂಥ ಹಗ್ಗದಲ್ಲೇ. ಬೆಳಗಿನ ಇಬ್ಬನಿಯಲ್ಲಿ ಅಳೆದರೆ ಅದೇ ಹೊಲ ಲೆಕ್ಕದಲ್ಲಿ ದೊಡ್ಡದಾಗಿ ರೈತನಿಗೆ ನಷ್ಟ. ಸಂಜೆ ಅಳೆದರೆ ಖಜಾನೆಗೆ ನಷ್ಟ. ಇದನ್ನು ಬರೆದಿಟ್ಟವನು ಅಕ್ಬರನ ಆಸ್ಥಾನದ ಅಬುಲ್ ಫಜಲ್. ಅಕ್ಬರನ ಆಳ್ವಿಕೆಯ 19ನೇ ವರ್ಷದಲ್ಲಿ, ಅಂದರೆ 1574-75ರ ಹೊತ್ತಿಗೆ, ಹಗ್ಗ ಹೋಗಿ ಬಿದಿರು ಬಂತು. ಬಿದಿರಿನ ತುಂಡುಗಳನ್ನು ಕಬ್ಬಿಣದ ಬಳೆಗಳಿಂದ ಜೋಡಿಸಿದ ಅಳತೆಗೋಲು ಅದು. ಇಬ್ಬನಿಗೂ ಬಿಸಿಲಿಗೂ ಜಗ್ಗುತ್ತಿರಲಿಲ್ಲ.

ಯುದ್ಧ ಗೆದ್ದ ರಾಜರು ಬೇಕಾದಷ್ಟು ಜನ ಇದ್ದಾರೆ. ಹೊಲ ಅಳೆಯುವ ಹಗ್ಗದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡ ದೊರೆಗಳು ಕಡಿಮೆ. ನನ್ನ ಮಟ್ಟಿಗೆ ಅಕ್ಬರ್ ದೊಡ್ಡವನಾಗುವುದು ಇಲ್ಲಿ.

ಅಕ್ಬರ್ ಹುಟ್ಟಿದ್ದು 1542ರಲ್ಲಿ, ಸಿಂಧ್‌ನ ಅಮರಕೋಟೆಯಲ್ಲಿ. ಶೇರ್ ಶಾ ಸೂರಿಯ ಕೈಯಲ್ಲಿ ಸೋತ ತಂದೆ ಹುಮಾಯೂನ್ ಆಗ ಊರೂರು ಅಲೆಯುತ್ತಿದ್ದ. 1556ರಲ್ಲಿ ಪಟ್ಟಕ್ಕೆ ಬಂದಾಗ ಹುಡುಗನಿಗೆ 13 ವರ್ಷ. ತಂದೆಯನ್ನು ಓಡಿಸಿದ ಆ ಶೇರ್ ಶಾನ ಕಂದಾಯದ ಲೆಕ್ಕವೇ ಮಗನ ಸರ್ಕಾರಕ್ಕೆ ಆಧಾರವಾಯಿತು. ಭೂಮಿ ಅಳೆಯುವುದು, ಉತ್ತಮ, ಮಧ್ಯಮ, ಕಳಪೆ ಹೊಲಗಳ ಇಳುವರಿಯ ಸರಾಸರಿ ತೆಗೆಯುವುದು, ಅದರಲ್ಲಿ ಮೂರನೇ ಒಂದು ಪಾಲು ಪಡೆಯುವುದು ಶೇರ್ ಶಾನ ಕ್ರಮ.

ಎಡವಟ್ಟು ಇದ್ದದ್ದು ಆ ಪಾಲನ್ನು ಹಣಕ್ಕೆ ಪರಿವರ್ತಿಸುವಲ್ಲಿ. ಮೊದಮೊದಲು ಎಲ್ಲ ಕಡೆಗೂ ಒಂದೇ ದರಪಟ್ಟಿ. ಧಾನ್ಯ ಅಗ್ಗವಾಗಿದ್ದ ದೂರದ ಹಳ್ಳಿಯ ರೈತನೂ ದುಬಾರಿ ಬೆಲೆಯ ಲೆಕ್ಕದಲ್ಲೇ ದುಡ್ಡು ಕಟ್ಟಬೇಕು. ಇದು ಅನ್ಯಾಯ ಅಲ್ವಾ? ಆಮೇಲೆ ಊರೂರಿನ ಬೆಲೆ ತರಿಸಿಕೊಂಡರು. ಪ್ರತಿ ವರ್ಷ ಪಟ್ಟಿ ಆಸ್ಥಾನಕ್ಕೆ ಹೋಗಿ ಒಪ್ಪಿಗೆ ಪಡೆದು ಬರುವಷ್ಟರಲ್ಲಿ ಕಾಲ ಮೀರುತ್ತಿತ್ತು. ನಡುವೆ ಲಂಚಕ್ಕೂ ದಾರಿಯಾಯಿತು.

ಬಿದಿರಿನ ಅಳತೆ ಬಂದ ಹೊತ್ತಿಗೇ ಕರೋರಿ ಎಂಬ ಅಧಿಕಾರಿಗಳನ್ನು ನೇಮಿಸಲಾಯಿತು. ಒಬ್ಬೊಬ್ಬರಿಗೂ ಒಂದು ಕೋಟಿ ದಾಮ್ ಕಂದಾಯ ಹುಟ್ಟುವಷ್ಟು ಭೂಮಿಯ ಹೊಣೆ. ದಾಮ್ ಅಂದರೆ ತಾಮ್ರದ ನಾಣ್ಯ, 40 ದಾಮ್‌ಗೆ ಒಂದು ರೂಪಾಯಿ. ಇವರಲ್ಲಿ ಹಲವರು ರೈತರನ್ನು ಹಿಂಡಿಬಿಟ್ಟರು. ರೈತರ ಹೆಂಡತಿ ಮಕ್ಕಳು ಮಾರಾಟವಾಗುವ ಗತಿ ಬಂತು ಎಂದು ಅದೇ ಆಸ್ಥಾನದ ಬದಾಯುನಿ ಬರೆದಿದ್ದಾನೆ. ಅವನು ಅಕ್ಬರನ ಕಟುಟೀಕಾಕಾರ, ನಿಜ. ಹಾಗಂತ ಈ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ತಪ್ಪು ಮಾಡಿದ ಕರೋರಿಗಳನ್ನು ಮುಂದೆ ಅಕ್ಬರನ ಕಂದಾಯ ಮಂತ್ರಿ ತೋಡರಮಲ್ಲ ಲೆಕ್ಕ ಕೇಳಿ ದಂಡಿಸಿದ.

1580ರಲ್ಲಿ ಬಂದದ್ದು ದಹಸಾಲಾ ಪದ್ಧತಿ. ಹಿಂದಿನ ಹತ್ತು ವರ್ಷಗಳ ಲೆಕ್ಕ ಕೂಡಿ, ಹತ್ತರಿಂದ ಭಾಗಿಸಿ, ಒಂದೊಂದು ವಲಯಕ್ಕೂ ಒಂದೊಂದು ಬೆಳೆಗೂ ಬಿಘಾಕ್ಕೆ (ಆಗಿನ ಭೂಮಿಯ ಅಳತೆ) ಇಷ್ಟು ಎಂದು ಹಣದ ದರ ಗೊತ್ತುಮಾಡಿದರು. ಹೆಸರು ತೋಡರಮಲ್ಲನದು. ಆದರೆ ಅವನು ಪೂರ್ವದ ದಂಗೆ ಅಡಗಿಸಲು ಹೋದಾಗ ಕೆಲಸ ಮುಗಿಸಿದವನು ಅಕ್ಬರನ ಇನ್ನೊಬ್ಬ ದಿವಾನ ಖ್ವಾಜಾ ಶಾ ಮನ್ಸೂರ್. ಬೆಳೆ ಹಾಳಾದ ಜಾಗ ಲೆಕ್ಕದಿಂದ ಬಿಡುತ್ತಿದ್ದರು. ಐದು ವರ್ಷಕ್ಕೂ ಹೆಚ್ಚು ಪಾಳುಬಿದ್ದ ಬಂಜರನ್ನು ಉಳುವವನಿಗೆ ಮೊದಲು ಕಡಿಮೆ ದರ, ವರ್ಷ ಕಳೆದಂತೆ ಪೂರ್ತಿ ದರ.

ಮೂರನೇ ಒಂದು ಪಾಲು ಅಂದರೆ ಹಗುರವೇನಲ್ಲ. ಹಣದಲ್ಲೇ ಕಟ್ಟಬೇಕಾದ್ದರಿಂದ ಸುಗ್ಗಿಯಲ್ಲಿ ಬೆಲೆ ಬಿದ್ದಾಗಲೇ ಧಾನ್ಯ ಮಾರಬೇಕಾಗುತ್ತಿತ್ತು. ಈ ಅಳತೆ ಇಡೀ ಸಾಮ್ರಾಜ್ಯವನ್ನು ಮುಟ್ಟಲೂ ಇಲ್ಲ. ಲಾಹೋರಿನಿಂದ ಅಲಹಾಬಾದಿನವರೆಗೆ, ಮಾಳವದಲ್ಲಿ ನಡೆಯಿತು. ಬಂಗಾಳದಲ್ಲಿ ಹಳೆಯ ಕ್ರಮವೇ ಉಳಿಯಿತು. ಕಾಶ್ಮೀರದಲ್ಲಿ ಬೆಳೆಯ ಪಾಲನ್ನೇ ಪಡೆಯುತ್ತಿದ್ದರು. 1605ರಲ್ಲಿ ಅಕ್ಬರ್ ತೀರಿಕೊಂಡಾಗಲೂ ಅಲ್ಲಿನ ಲೆಕ್ಕ ಹಾಗೆಯೇ ಇತ್ತು.