ವೈಫೈ ಕಾರ್ಡ್ ಕೇಳಿದ್ದು ಒಂದೇ ಫೈಲು

ಲ್ಯಾಪ್‌ಟಾಪ್‌ಗೆ ಹೊಸದಾಗಿ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಲು ಕೂತಿದ್ದೆ. ಭಾಷೆ ಕೇಳಿತು, ಕೀಬೋರ್ಡ್ ಕೇಳಿತು, ಎಲ್ಲ ಸರಾಗ. ಮುಂದಿನ ಪರದೆಯಲ್ಲಿ ವೈಫೈ ಹೆಸರುಗಳು ಸಾಲಾಗಿ ಬರಬೇಕಿತ್ತು. ಒಂದೂ ಇಲ್ಲ. ಹತ್ತು ನಿಮಿಷದ ಹಿಂದೆ ಹಳೆಯ ಸಿಸ್ಟಂನಲ್ಲಿ ಇದೇ ಕಾರ್ಡ್‌ನಿಂದ ವಿಡಿಯೊ ನೋಡಿದ್ದೆ. ಅಷ್ಟರಲ್ಲಿ ಅದು ಕೆಟ್ಟುಹೋಗುತ್ತದೆಯೇ?

ಕೆಟ್ಟಿರಲಿಲ್ಲ. ಸಿಸ್ಟಂ ತನ್ನ ಆಗುಹೋಗು ಬರೆದಿಡುವ ಲಾಗ್ ತೆರೆದು ನೋಡಿದಾಗ ಒಂದು ಸಾಲು ಸಿಕ್ಕಿತು. ಫರ್ಮ್‌ವೇರ್ ಲೋಡ್ ಆಗಲಿಲ್ಲ ಎಂಬ ದೂರು, ಒಂದು ಫೈಲಿನ ಹೆಸರು, ಕೊನೆಯಲ್ಲಿ ಮೈನಸ್ 2. ಲಿನಕ್ಸ್‌ನಲ್ಲಿ 2ನೇ ನಂಬರಿನ ಎರರ್ ಅಂದರೆ ‘ಅಂಥ ಫೈಲೇ ಇಲ್ಲ’ ಎಂದರ್ಥ. ಅಂದರೆ ಕಾರ್ಡ್ ಇದೆ, ಅದನ್ನು ಸಿಸ್ಟಂ ಗುರುತಿಸಿಯೂ ಆಗಿದೆ. ಏನೋ ಒಂದು ಸಿಗದೆ ಅದು ಸುಮ್ನೆ ಕೂತಿದೆ.

ಗುರುತಿಸುವ ಕೆಲಸ ತುಂಬ ಸರಳ. ಕಂಪ್ಯೂಟರಿನೊಳಗೆ ಕಾರ್ಡ್‌ಗಳನ್ನು ಜೋಡಿಸುವ ಪಿಸಿಐ ಬಸ್‌ಗೆ ಸೇರಿಕೊಂಡ ಪ್ರತಿ ಸಾಧನವೂ ಕೇಳಿದ ತಕ್ಷಣ ನಾಲ್ಕು ಬೈಟ್‌ಗಳಲ್ಲಿ ತನ್ನ ಪರಿಚಯ ಹೇಳುತ್ತದೆ. ಮೊದಲ ಎರಡು ಬೈಟ್ ತಯಾರಕರ ನಂಬರ್, ಇನ್ನೆರಡು ಮಾಡೆಲ್‌ನ ನಂಬರ್. ಇಂಟೆಲ್‌ನ ನಂಬರ್ 8086. ಅದು 1978ರಲ್ಲಿ ಬಂದ ಅವರದೇ ಪ್ರೊಸೆಸರಿನ ಹೆಸರು. ಎಂಜಿನಿಯರ್‌ಗಳಿಗೂ ಹಳೆಯ ನೆನಪುಗಳ ಮೇಲೆ ಪ್ರೀತಿ ಇರುತ್ತದೆ! ಲಿನಕ್ಸ್‌ನ ತಿರುಳಾದ ಕರ್ನಲ್ ಈ ನಂಬರ್ ಹಿಡಿದುಕೊಂಡು ‘ಇದು ನಿನ್ನದಾ?’ ಎಂದು ತನ್ನಲ್ಲಿರುವ ಡ್ರೈವರ್‌ಗಳನ್ನು, ಅಂದರೆ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳನ್ನು, ವಿಚಾರಿಸುತ್ತದೆ. ಪಟ್ಟಿಯಲ್ಲಿ ಆ ನಂಬರ್ ಇರುವ ಡ್ರೈವರ್ ಕಾರ್ಡಿನ ಹೊಣೆ ಹೊರುತ್ತದೆ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಎಂಬ ಕಮಾಂಡ್ ಕೊಟ್ಟು, ಜೊತೆಗೆ ‘ಎನ್‌ಎನ್’ ಸೇರಿಸಿದರೆ ಈ ನಂಬರ್‌ಗಳನ್ನು ನೀವೂ ನೋಡಬಹುದು. ಹುಡುಕಾಟ ಶುರು ಮಾಡಬೇಕಾದ್ದು ಇಲ್ಲಿಂದಲೇ. ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ, ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಹಾಕಿ ಮಾರುವುದುಂಟು.

ಡ್ರೈವರ್ ಸಿಕ್ಕಿದರೂ ಕಾರ್ಡ್ ಏಳುವುದಿಲ್ಲ ಯಾಕೆ? ಉಗುರಿಗಿಂತ ಸ್ವಲ್ಪ ದೊಡ್ಡದಿರುವ ಆ ಹಲಗೆಯೂ ಒಂದು ಕಂಪ್ಯೂಟರ್. ಅದರೊಳಗೆ ಪ್ರೊಸೆಸರ್ ಇದೆ, ಒಂದಿಷ್ಟು ಮೆಮೊರಿ ಇದೆ. ರೇಡಿಯೊ ಅಲೆಗಳ ಹೊತ್ತುಗೊತ್ತು ಮೈಕ್ರೊಸೆಕೆಂಡ್‌ಗಳ ಲೆಕ್ಕದಲ್ಲಿ ನಡೆಯುವುದರಿಂದ ಎಲ್ಲದಕ್ಕೂ ಲ್ಯಾಪ್‌ಟಾಪಿನ ಮುಖ್ಯ ಪ್ರೊಸೆಸರನ್ನೇ ಕಾಯುತ್ತ ಕೂರಲು ಆಗುವುದಿಲ್ಲ. ಆದರೆ ಈ ಪುಟ್ಟ ಕಂಪ್ಯೂಟರಿಗೆ ಮರೆವು ಜಾಸ್ತಿ. ಕರೆಂಟ್ ಹೋದರೆ ಎಲ್ಲ ಅಳಿಸಿಹೋಗುತ್ತದೆ. ತನ್ನ ಪ್ರೋಗ್ರಾಂ ಇಟ್ಟುಕೊಳ್ಳಲು ಕಾರ್ಡಿನಲ್ಲೇ ಒಂದು ಫ್ಲ್ಯಾಶ್ ಚಿಪ್ ಕೊಡಬಹುದಿತ್ತು, ಖರ್ಚು ಉಳಿಸಲು ಕೊಟ್ಟಿಲ್ಲ. ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗಲೂ ಡ್ರೈವರ್ ಡಿಸ್ಕಿನಿಂದ ಒಂದು ಫೈಲ್ ತೆಗೆದು ಕಾರ್ಡಿಗೆ ತುಂಬಬೇಕು. ಅದೇ ಫರ್ಮ್‌ವೇರ್. ಇದರಿಂದ ಲಾಭವೂ ಇದೆ. ತಪ್ಪೇನಾದರೂ ಸಿಕ್ಕರೆ ಫೈಲ್ ಬದಲಿಸಿದರೆ ಸಾಕು, ಕಾರ್ಡ್ ಬಿಚ್ಚಬೇಕಿಲ್ಲ.

ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಲ್ಲಿ ಆ ಫೈಲ್ ಇಲ್ಲದಿದ್ದರೆ ಕಥೆ ಮುಗಿಯಿತು. ಫೈಲ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಫೈಲ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಫೈಲನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿ ಕೊಡಬಹುದಲ್ಲ ಎಂದು ನಾನೂ ಗೊಣಗಿದ್ದೇನೆ. ಅಡ್ಡಿಯಾಗಿದ್ದು ತತ್ವ. ಈ ಫೈಲುಗಳನ್ನು ಬರೆಯುವುದು ಚಿಪ್ ಕಂಪನಿಗಳು. ಅವುಗಳ ಸೋರ್ಸ್ ಕೋಡನ್ನು (ಪ್ರೋಗ್ರಾಮಿನ ಮೂಲ ಬರಹವನ್ನು) ಹೊರಗೆ ಕೊಡುವುದು ಅಪರೂಪ. ಮುಕ್ತ ತಂತ್ರಾಂಶವನ್ನು ಕಟ್ಟುನಿಟ್ಟಾಗಿ ಪಾಲಿಸುವ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಬಳಗ ಇಂಥ ಫೈಲುಗಳನ್ನು ಅಧಿಕೃತ ಇನ್‌ಸ್ಟಾಲರ್‌ನಿಂದ ವರ್ಷಗಟ್ಟಲೆ ದೂರವೇ ಇಟ್ಟಿತ್ತು. 2022ರಲ್ಲಿ ಅವರು ಮತ ಹಾಕಿ ಈ ನಿಯಮ ಸಡಿಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತಿದೆ. ತತ್ವ ಸೋತಿತು ಎಂದು ಬೇಸರಪಟ್ಟವರಿದ್ದಾರೆ. ನನಗಂತೂ ಅದು ಸರಿಯೆನಿಸಿತು. ಮನೆ ಬಾಗಿಲೇ ತೆರೆಯದಿದ್ದರೆ ಒಳಗಿನ ಸೊಗಸು ಯಾರು ನೋಡಬೇಕು?

ಹಿಂದಿನ ಪಾಡು ಇನ್ನೂ ಕಷ್ಟದ್ದು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್‌ಗಳು ಕೆಲಸ ಮಾಡುವ ಬಗೆಯನ್ನು ಉತ್ಸಾಹಿಗಳು ಹೊರಗಿನಿಂದಲೇ ಕೆದಕಿ ಕಂಡುಕೊಂಡು ಡ್ರೈವರ್ ಬರೆದರು. ಬಿ43 ಎಂಬ ಆ ಡ್ರೈವರ್ 2008ರ ಆರಂಭದಲ್ಲಿ ಲಿನಕ್ಸ್ 2.6.24ರ ಜೊತೆ ಬಂತು. ಆದರೂ ಫರ್ಮ್‌ವೇರ್ ಹಂಚಲು ಅನುಮತಿ ಇರಲಿಲ್ಲ. ಅದಕ್ಕೆಂದೇ ಬೇರೆ ಡ್ರೈವರ್ ಫೈಲಿನ ಹೊಟ್ಟೆಯಿಂದ ಫರ್ಮ್‌ವೇರ್ ಕತ್ತರಿಸಿ ತೆಗೆಯುವ ಒಂದು ಸಲಕರಣೆಯನ್ನೂ ಮಾಡಿದರು.

ವಿಂಡೋಸ್‌ನಲ್ಲೂ ಇದೇ ಪೇಚಾಟ ಬರುತ್ತದೆ. ವಿಂಡೋಸ್ 11 ಹೋಮ್ ಅಂತೂ ಇನ್‌ಸ್ಟಾಲ್ ಮುಗಿಸಲು ನೆಟ್ ಬೇಕೇ ಬೇಕು ಎನ್ನುತ್ತದೆ. ಬೇರೊಂದು ಕಂಪ್ಯೂಟರಿನಲ್ಲಿ ಡ್ರೈವರ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು ಅಲ್ಲಿನ ದಾರಿ.

ನನ್ನನ್ನು ಆ ದಿನ ಪಾರು ಮಾಡಿದ್ದು ಜೇಬಿನಲ್ಲಿದ್ದ ಫೋನ್. ಯುಎಸ್‌ಬಿ ಕೇಬಲ್ ಚುಚ್ಚಿ, ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದೆ. ಈಗ ರೇಡಿಯೊದ ಕೆಲಸವೆಲ್ಲ ಫೋನಿನದು. ಲ್ಯಾಪ್‌ಟಾಪಿನ ಕಣ್ಣಿಗೆ ಅದು ಸಾದಾ ತಂತಿಯ ನೆಟ್‌ವರ್ಕ್ ಕಾರ್ಡ್ ಥರ ಕಾಣುತ್ತದೆ, ಅದರ ಡ್ರೈವರ್‌ಗೆ ಯಾವ ಫರ್ಮ್‌ವೇರೂ ಬೇಡ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ತಾವು ಹಿಡಿದ ವೈಫೈಯನ್ನೂ ಹೀಗೆ ಹಂಚುತ್ತವೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಇನ್‌ಸ್ಟಾಲ್ ಮುಗಿಯಿತು, ಫರ್ಮ್‌ವೇರ್ ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದೆ. ಲಾಗ್‌ನಲ್ಲಿ ಆ ಮೈನಸ್ 2 ಇರಲಿಲ್ಲ.

ಇನ್ನೊಂದು ಮಾತು. ಇಷ್ಟೆಲ್ಲ ಜಾಲಾಡುವ ಮೊದಲು ವಿಮಾನದ ಚಿತ್ರ ಇರುವ ಕೀ ಅಥವಾ ಪಕ್ಕದ ಪುಟ್ಟ ಸ್ವಿಚ್ ನೋಡಿಕೊಳ್ಳಿ. ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಕಮಾಂಡ್ ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದರೆ ಸಾಫ್ಟ್‌ವೇರಿನಿಂದ ಅದನ್ನು ತೆರೆಯಲಾಗದು, ಸ್ವಿಚ್ಚನ್ನೇ ಸರಿಸಬೇಕು. ಹೀಗೆ ಅರ್ಧ ದಿನ ಫರ್ಮ್‌ವೇರ್ ಹುಡುಕಿ, ಆಮೇಲೆ ಒಂದು ಬೆರಳಿನಲ್ಲಿ ಕೆಲಸ ಮುಗಿಸಿದ್ದೂ ಇದೆ. ಅದನ್ನು ಯಾರಿಗೂ ಹೇಳಿರಲಿಲ್ಲ.