ಎರಡೂ ಕಡೆ ಗೆಲ್ಲುವ ಬೆಟ್

1979ರ ಜನವರಿ 21. ಮಯಾಮಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಫೈನಲ್, ಅಂದರೆ ಸೂಪರ್ ಬೌಲ್. ಪಿಟ್ಸ್‌ಬರ್ಗ್ ಸ್ಟೀಲರ್ಸ್ 35-17ರಿಂದ ಮುಂದಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಡಲ್ಲಾಸ್ ಕೌಬಾಯ್ಸ್ ಎರಡು ಟಚ್‌ಡೌನ್ ಹೊಡೆಯಿತು. ಎರಡನೆಯದು ಬಂದಾಗ ಉಳಿದಿದ್ದು ಬರೀ 22 ಸೆಕೆಂಡ್. ಕೊನೆಗೆ 35-31. ಕಪ್ ಸ್ಟೀಲರ್ಸ್‌ಗೇ ಹೋಯಿತು. ಆದರೆ ಲಾಸ್ ವೇಗಸ್‌ನ ಬುಕ್ಕಿಗಳು ತಲೆ ಮೇಲೆ ಕೈ ಹೊತ್ತು ಕೂರುವ ಹಾಗಾಯಿತು. ಅವರ ಬಾಯಲ್ಲಿ ಅದು 'ಕರಾಳ ಭಾನುವಾರ'.

ಯಾಕೆ ಅಂತೀರಾ? ಅಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದಕ್ಕಿಂತ ಎಷ್ಟು ಪಾಯಿಂಟಿನಿಂದ ಅನ್ನುವುದರ ಮೇಲೇ ಬೆಟ್ ಜಾಸ್ತಿ. ಬುಕ್ಕಿ ಮೊದಲೇ ಒಂದು ಗೆರೆ ಎಳೆದಿರುತ್ತಾನೆ. ಈ ಪಂದ್ಯಕ್ಕೆ ಮೊದಲು ಎಳೆದ ಗೆರೆ ಮೂರೂವರೆ. ಸ್ಟೀಲರ್ಸ್ ಕನಿಷ್ಠ 4 ಪಾಯಿಂಟಿನಿಂದ ಗೆದ್ದರೆ ಅವರ ಮೇಲೆ ಕಟ್ಟಿದವರಿಗೆ ದುಡ್ಡು. ಜನ ಆ ಕಡೆಗೇ ಮುಗಿಬಿದ್ದರು. ತಕ್ಕಡಿ ಸರಿಮಾಡಲು ಗೆರೆಯನ್ನು ನಾಲ್ಕೂವರೆಗೆ ಸರಿಸಿದರು. ಈಗ ಕೌಬಾಯ್ಸ್ 4 ಪಾಯಿಂಟಿನಿಂದ ಸೋತರೂ ಅವರ ಮೇಲಿನ ಬೆಟ್ ಗೆಲ್ಲುತ್ತದೆ! ಪಂದ್ಯ ಮುಗಿದಿದ್ದು ಸರಿಯಾಗಿ 4ರ ಅಂತರದಲ್ಲಿ. ಮೊದಲು ಸ್ಟೀಲರ್ಸ್, ಆಮೇಲೆ ಕೌಬಾಯ್ಸ್ ಹಿಡಿದವರು ಎರಡೂ ಕೈಯಲ್ಲಿ ದುಡ್ಡು ಬಾಚಿದರು.

ಎರಡು ಗೆರೆಗಳ ನಡುವಿನ ಈ ಸಂದಿಗೆ 'ಮಿಡಲ್' ಅಂತ ಹೆಸರು. ಸಂದಿಗೆ ಬೀಳದಿದ್ದರೆ ಏನಾಗುತ್ತದೆ? ಅಲ್ಲಿನ ಮಾಮೂಲಿ ದರದಲ್ಲಿ 110 ಡಾಲರ್ ಕಟ್ಟಿದರೆ ಲಾಭ 100. ಎರಡೂ ಕಡೆ 110 ಕಟ್ಟಿ, ಒಂದು ಗೆದ್ದು ಒಂದು ಸೋತರೆ 10 ಡಾಲರ್ ಕೈಬಿಡುತ್ತದೆ. ಎರಡೂ ಗೆದ್ದರೆ 200 ಲಾಭ. ಅಂದರೆ 21 ಸಲದಲ್ಲಿ ಒಮ್ಮೆ ಸಂದಿಗೆ ಬಿದ್ದರೆ ಅಸಲಿಗೆ ಮೋಸವಿಲ್ಲ.

ದರಗಳು ಬೇರೆ ಬೇರೆ ಇದ್ದಾಗ ಸಮಸಮ ಕಟ್ಟುವುದು ದಡ್ಡತನ. ಒಂದು ಕಡೆ ಗೆದ್ದರೆ ಕಟ್ಟಿದ್ದರ 2 ಪಟ್ಟು, ಇನ್ನೊಂದು ಕಡೆ 1.8 ಪಟ್ಟು ವಾಪಸ್ ಅಂದುಕೊಳ್ಳಿ. ಎರಡಕ್ಕೂ ತಲಾ 95 ಹಾಕಿದರೆ, ಮೊದಲನೆಯದು ಗೆದ್ದಾಗ ನಷ್ಟವಿಲ್ಲ, ಎರಡನೆಯದು ಗೆದ್ದಾಗ 19 ನಷ್ಟ. ಅದೇ 190ನ್ನು 90 ಮತ್ತು 100 ಅಂತ ಹಂಚಿ ನೋಡಿ. ಯಾವುದು ಗೆದ್ದರೂ ಕೈಗೆ ಬರುವುದು 180. ನಷ್ಟ 10ಕ್ಕೆ ನಿಂತಿತು. ಎರಡೂ ಗೆದ್ದರೆ 170 ಲಾಭ. ಗುಟ್ಟು ಇಷ್ಟೇ: ಕಟ್ಟುವ ಹಣವನ್ನು ದರದಿಂದ, ಅಂದರೆ ಎಷ್ಟು ಪಟ್ಟು ವಾಪಸ್ ಬರುತ್ತದೋ ಅದರಿಂದ, ಗುಣಿಸಿದಾಗ ಎರಡೂ ಕಡೆ ಒಂದೇ ಉತ್ತರ ಬರಬೇಕು.

ಆದರೆ ಈ ಹಂಚಿಕೆ ಗೆಲುವಿನ ಸಾಧ್ಯತೆಯನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ಸಂದಿಯ ಬೆಟ್ಟನ್ನು ಲಾಟರಿ ಟಿಕೆಟ್ಟು ಅಂದುಕೊಂಡರೆ, ಅದು ಟಿಕೆಟ್ಟಿನ ಬೆಲೆಯನ್ನು, ಅಂದರೆ ಸಂದಿಗೆ ಬೀಳದಿದ್ದಾಗಿನ ನಷ್ಟವನ್ನು, ಗೊತ್ತುಮಾಡುತ್ತದೆ ಅಷ್ಟೇ. ಟಿಕೆಟ್ಟು ಎಷ್ಟು ಬಾಳುತ್ತದೆ ಅನ್ನುವುದು ಸಂದಿಯಲ್ಲಿರುವ ಅಂಕಿಯನ್ನು ನೋಡಿಕೊಂಡು. ಈ ಆಟದಲ್ಲಿ ಫೀಲ್ಡ್ ಗೋಲಿಗೆ 3 ಪಾಯಿಂಟ್. ಹಾಗಾಗಿ ವೃತ್ತಿಪರ ಪಂದ್ಯಗಳಲ್ಲಿ ನೂರಕ್ಕೆ ಸುಮಾರು 15 ಸರಿಯಾಗಿ 3ರ ಅಂತರದಲ್ಲೇ ಮುಗಿಯುತ್ತವೆ. ಎರಡೂವರೆ–ಮೂರೂವರೆ ನಡುವಿನ ಸಂದಿ ಚಿನ್ನದ ಗಣಿ. ಐದರ ಸುತ್ತಲಿನ ಸಂದಿಯನ್ನು ನಂಬಿ ಕೂತರೆ ಹತ್ತು ಹತ್ತು ಡಾಲರ್ ಸುಮ್ನೆ ಸೋರಿ ಹೋಗುತ್ತದೆ.

ಬುಕ್ಕಿಗಳಿಗೆ ಇದು ಗೊತ್ತಿಲ್ಲವಾ? ಚೆನ್ನಾಗಿಯೇ ಗೊತ್ತು. ಗೆರೆ 3ರ ಹತ್ತಿರ ಇದ್ದಾಗ ಅದನ್ನು ಸರಿಸಲು ಅವರಿಗೆ ಮನಸ್ಸೇ ಬರುವುದಿಲ್ಲ. ಗೆರೆಯನ್ನು ಅಲ್ಲೇ ಬಿಟ್ಟು, 110 ಕೇಳುತ್ತಿದ್ದವರು 120 ಕೇಳಲು ಶುರುಮಾಡುತ್ತಾರೆ.