ಗ್ರೇಡಿಯಂಟ್ ಬಾಣವನ್ನು ಎಲ್ಲಿ ಬರೆಯಬೇಕು?

ಚಿಕ್ಕಮಗಳೂರಿನಲ್ಲಿ ಪದವಿ ತರಗತಿಗಳಿಗೆ ಬಹುಚರ ಕಲನಶಾಸ್ತ್ರ ಕಲಿಸುವ ನಾನು ಪ್ರತಿವರ್ಷವೂ ಒಂದು ಪ್ರಶ್ನೆ ಕೇಳುತ್ತೇನೆ: ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ನಿಂತಿದ್ದೀರಿ, ಅಲ್ಲಿನ ಎತ್ತರದ ಗ್ರೇಡಿಯಂಟನ್ನು ಬಾಣವಾಗಿ ಬರೆಯಿರಿ. ಒಂದೊಂದೇ ಚರ ಬದಲಾದಾಗ ಎತ್ತರ ಬದಲಾಗುವ ದರಗಳಾದ ಪಾರ್ಷಿಯಲ್ ಡೆರಿವೇಟಿವ್‌ಗಳನ್ನು ತಪ್ಪಿಲ್ಲದೆ ಲೆಕ್ಕ ಹಾಕುವವರೂ ಬೆಟ್ಟದ ಮೈಗೆ ಅಂಟಿಕೊಂಡು ಶಿಖರದತ್ತ ಏರುವ ಬಾಣವನ್ನೇ ಬರೆಯುತ್ತಾರೆ. ಇದರಲ್ಲಿ ಎರಡು ತಪ್ಪುಗಳಿವೆ. ಎತ್ತರವು ಪೂರ್ವ-ಪಶ್ಚಿಮ ಮತ್ತು ಉತ್ತರ-ದಕ್ಷಿಣ ಎಂಬ ಎರಡೇ ಚರಗಳನ್ನು ಅವಲಂಬಿಸಿರುವುದರಿಂದ ಗ್ರೇಡಿಯಂಟಿಗೂ ಎರಡೇ ಘಟಕಗಳು. ಅದು ನಕ್ಷೆಯ ಮೇಲೆ ಮಲಗಿರುವ ಬಾಣ. ಅಲ್ಲದೆ ಶಿಖರ ಎಲ್ಲಿದೆಯೆಂಬುದು ಅದಕ್ಕೆ ತಿಳಿಯದು. ನಿಂತ ಬಿಂದುವಿನಲ್ಲಿ ಯಾವ ದಿಕ್ಕಿಗೆ ಏರು ಅತಿ ಕಡಿದೋ ಆ ದಿಕ್ಕನ್ನಷ್ಟೇ ಅದು ತೋರಿಸುತ್ತದೆ.

ಆದ್ದರಿಂದ ನಾನು ಸೂತ್ರಕ್ಕಿಂತ ಮೊದಲು ನಕ್ಷೆಯನ್ನು ಹರಡುತ್ತೇನೆ. 1:50,000 ಪ್ರಮಾಣದ, 20 ಮೀಟರಿಗೊಂದು ಸಮೋನ್ನತಿ ರೇಖೆಯಿರುವ (ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ರೇಖೆ) ನಕ್ಷೆಯಲ್ಲಿ ಎರಡು ರೇಖೆಗಳ ನಡುವೆ 4 ಮಿಲಿಮೀಟರ್ ಅಂತರವಿದ್ದರೆ ನೆಲದ ಮೇಲೆ ಅದು 200 ಮೀಟರ್. ಅಂದರೆ 200 ಮೀಟರಿಗೆ 20 ಮೀಟರ್ ಏರು, ಗ್ರೇಡಿಯಂಟಿನ ಪರಿಮಾಣ (ಬಾಣದ ಉದ್ದ) ಸುಮಾರು 0.1. ಆ ಬಾಣದಿಂದ 60 ಡಿಗ್ರಿ ಓರೆಯಾಗಿ ನಡೆದರೆ ಏರು ಅರ್ಧಕ್ಕೆ, 0.05ಕ್ಕೆ ಇಳಿಯುತ್ತದೆ, 90 ಡಿಗ್ರಿಯಲ್ಲಿ, ಅಂದರೆ ಸಮೋನ್ನತಿ ರೇಖೆಯ ಗುಂಟ, ಸೊನ್ನೆಯಾಗುತ್ತದೆ. ಈ ಸೊನ್ನೆಯ ದಿಕ್ಕು ತೋಟದ ಮನೆಗಳ ಮಕ್ಕಳಿಗೆ ಹೊಸದಲ್ಲ, ಏಕೆಂದರೆ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಿರಲೆಂದು ಇಳಿಜಾರಿನಲ್ಲಿ ಕಾಫಿ ಗಿಡದ ಸಾಲು ಹಿಡಿಯುವುದು ಇದೇ ದಿಕ್ಕಿಗೆ. ಅವರಿಗೆ ಇಲ್ಲದಿದ್ದುದು ಅದರ ಗಣಿತದ ಹೆಸರು ಮಾತ್ರ.

ಒಂದು ನಿರ್ಬಂಧದೊಳಗೆ (ಇಲ್ಲಿ, ರಸ್ತೆ ಬಿಡದೆ) ಗರಿಷ್ಠ ಅಥವಾ ಕನಿಷ್ಠವನ್ನು ಹುಡುಕಲು ಬಳಸುವ ಲಗ್ರಾಂಜ್ ಗುಣಕವೂ ಇಲ್ಲಿಯೇ ಸಿಗುತ್ತದೆ. ಬೆಟ್ಟದ ಮಗ್ಗುಲಲ್ಲಿ ಏರಿ ಇಳಿಯುವ ರಸ್ತೆಯು ತನ್ನ ಅತಿ ಎತ್ತರದ ಬಿಂದುವಿನಲ್ಲಿ ಸಮೋನ್ನತಿ ರೇಖೆಯನ್ನು ಕತ್ತರಿಸದೆ ಸ್ಪರ್ಶಿಸುತ್ತದೆ. ಕತ್ತರಿಸಿದ್ದರೆ ಇನ್ನೂ ಏರಲು ಅವಕಾಶವಿರುತ್ತಿತ್ತು.

ಪ್ರತಿ ಬಿಂದುವಿನಲ್ಲೂ ಒಂದೊಂದು ಬಾಣವಿರುವ ವೆಕ್ಟರ್ ಕ್ಷೇತ್ರಗಳಿಗೆ ಬಂದಾಗ ತೊಡಕು ಹೆಚ್ಚುವುದು, ಆಯಾ ಬಿಂದುವಿನಲ್ಲಿ ಕ್ಷೇತ್ರ ಎಷ್ಟು ತಿರುಗಿಸುತ್ತದೆಂದು ಅಳೆಯುವ ಕರ್ಲ್‌ನಲ್ಲಿ. ಸುಳಿ ಕಂಡಲ್ಲಿ ಮಾತ್ರ ಕರ್ಲ್ ಇರುತ್ತದೆಂದು ಬಹಳ ಮಂದಿ ನಂಬುತ್ತಾರೆ. ಸಕಲೇಶಪುರದ ಬಳಿ ಹೇಮಾವತಿ ನೇರವಾಗಿ ಹರಿಯುವ ಒಂದು ಭಾಗವನ್ನು ಊಹಿಸಿಕೊಳ್ಳಿ: ದಡದ ಬಳಿ ನೀರು ನಿಧಾನ, ನಡುವೆ ವೇಗ. ಹರಿವಿನ ದಿಕ್ಕಿಗೆ ಮುಖ ಮಾಡಿ ನಿಂತವರ ಎಡದಡದ ಹತ್ತಿರ, ಲಂಬವಾದ ಅಚ್ಚಿನ ಸುತ್ತ ತಿರುಗುವ ಪುಟ್ಟ ಚಕ್ರವೊಂದನ್ನು ತೇಲಿಬಿಟ್ಟರೆ, ನಡುನೀರಿನ ಕಡೆಯ ಅಂಚಿಗೆ ಹೆಚ್ಚು ತಳ್ಳು ಬಿದ್ದು ಅದು ಮೇಲಿನಿಂದ ನೋಡುವವರಿಗೆ ಅಪ್ರದಕ್ಷಿಣವಾಗಿ ತಿರುಗುತ್ತದೆ. ಬಲದಡದ ಹತ್ತಿರ ಪ್ರದಕ್ಷಿಣವಾಗಿ ತಿರುಗುತ್ತದೆ. ಎಲ್ಲಿಯೂ ಸುಳಿಯಿಲ್ಲ, ಆದರೂ ಕರ್ಲ್ ಇದೆ. ಬೆಟ್ಟದ ಎತ್ತರದ ಗ್ರೇಡಿಯಂಟ್ ಹೀಗಲ್ಲ: ಯಾವ ದಾರಿ ಹಿಡಿದು ಸುತ್ತಿ ಹೊರಟ ಜಾಗಕ್ಕೇ ಮರಳಿದರೂ ಏರಿದ್ದು ಇಳಿದದ್ದಕ್ಕೆ ಸರಿಹೋಗುವುದರಿಂದ, ಅಲ್ಲಿ ಕರ್ಲ್ ಎಲ್ಲೆಡೆಯೂ ಸೊನ್ನೆ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಬರೆಸಿದ ಮೇಲೆಯೇ ಒಂದು ಸುತ್ತಿನ ಗುಂಟದ ಮೊತ್ತವನ್ನು ಅದರೊಳಗಿನ ಕರ್ಲ್‌ಗೆ ಜೋಡಿಸುವ ಸ್ಟೋಕ್ಸ್ ಪ್ರಮೇಯವನ್ನು ನಾನು ಹಲಗೆಯ ಮೇಲೆ ಬರೆಯುವುದು.